970ನೇ ಕಪಾಟಿನ ಜನ

ಟೊರಾಂಟೊ ನಗರದಲ್ಲಿ ಬ್ಲೂರ್ ಬೀದಿಯನ್ನು ದಾಟಿ ಸ್ಪಡೈನಾ ರಸ್ತೆಗೆ ಕಾಲಿಟ್ಟರೆ ಎರಡು ಕಟ್ಟಡಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. 16ನೇ ನಂಬರಿನದು ನೇಟಿವ್ ಕೆನೆಡಿಯನ್ ಸೆಂಟರ್. 10ನೇ ನಂಬರಿನದು ಟೊರಾಂಟೊ ಸಾರ್ವಜನಿಕ ಗ್ರಂಥಾಲಯದ ಪುಟ್ಟ ಶಾಖೆ. ನೂರು ಶಾಖೆಗಳ ದೊಡ್ಡ ಸಂಸಾರದಲ್ಲಿ ಇದು ಎದ್ದು ಕಾಣುವಂಥದ್ದಲ್ಲ. ಆದರೆ ಈ ದೇಶದ ಮೂಲನಿವಾಸಿಗಳ ಚರಿತ್ರೆ ಸಾರ್ವಜನಿಕ ಗ್ರಂಥಾಲಯದೊಳಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಇಲ್ಲಿಗೇ ಕರೆದುಕೊಂಡು ಬರುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸರ್ಕಾರ ಮೂಲನಿವಾಸಿಗಳಿಗೆಂದು ಮೀಸಲಿಟ್ಟ ನೆಲೆಗಳಾದ ರಿಸರ್ವ್‌ಗಳಲ್ಲಿದ್ದ ಮೂಲನಿವಾಸಿ ಯುವಕ ಯುವತಿಯರು ಕೆಲಸ ಹುಡುಕಿಕೊಂಡು, ಓದಿಗಾಗಿ, ಟೊರಾಂಟೊಗೆ ಬರತೊಡಗಿದರು. ಈ ನಗರದಲ್ಲಿ ಅವರಿಗೆ ಗುರುತಿನವರಿಲ್ಲ, ಕೂತು ಮಾತಾಡಲು ಜಾಗವಿಲ್ಲ. 1950ರ ದಶಕದಲ್ಲಿ ಅವರೇ ಕಟ್ಟಿಕೊಂಡ ಸಣ್ಣ ಕ್ಲಬ್ಬು 1962ರಲ್ಲಿ ಒಂದು ಕೇಂದ್ರವಾಯಿತು, 1970ರ ದಶಕದಲ್ಲಿ ಸ್ಪಡೈನಾ ರಸ್ತೆಯ ಈ ಕಟ್ಟಡಕ್ಕೆ ಬಂತು. ಅದರ ಮಗ್ಗುಲಲ್ಲೇ 1977ರಲ್ಲಿ ಗ್ರಂಥಾಲಯದ ಶಾಖೆ ಬಾಗಿಲು ತೆರೆಯಿತು. ಮೂಲನಿವಾಸಿಗಳ ಬಗೆಗಿನ, ಮುಂದೆ ಮೂಲನಿವಾಸಿಗಳೇ ಬರೆದ ಪುಸ್ತಕಗಳ ಸಂಗ್ರಹ ಅಲ್ಲಿ ಬೆಳೆಯಿತು. 1986ರ ನವೆಂಬರಿನಲ್ಲಿ ಟಾಮ್ಸನ್ ಹೈವೇ ಎಂಬ ಕ್ರೀ ನಾಟಕಕಾರರ ‘ದ ರೆಜ್ ಸಿಸ್ಟರ್ಸ್’ ಮೊದಲ ಬಾರಿಗೆ ರಂಗಕ್ಕೆ ಬಂದದ್ದು ಪಕ್ಕದ ಆ ಸೆಂಟರಿನಲ್ಲಿಯೇ. ರಿಸರ್ವ್ ಒಂದರ ಏಳು ಹೆಂಗಸರು ಬಿಂಗೊ ಆಡಲು ಟೊರಾಂಟೊಗೆ ಹೊರಡುವ ಆ ನಾಟಕ ಇಂದು ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಪಠ್ಯ. ಅದೇ ಸೆಂಟರಿನಿಂದ ರಾಡ್ನಿ ಬೋಬಿವಾಶ್ ಎಂಬ ಅನಿಶಿನಾಬೆ ವಿದ್ವಾಂಸರು 1990ರ ದಶಕದಲ್ಲಿ ನಗರದ ಮೂಲನಿವಾಸಿ ಚರಿತ್ರೆಯನ್ನು ಜನರಿಗೆ ಬಸ್ಸಿನಲ್ಲಿ ಕೂರಿಸಿಕೊಂಡು ತೋರಿಸಲು ಶುರುಮಾಡಿದರು. ಆ ಕೆಲಸ ‘ಫಸ್ಟ್ ಸ್ಟೋರಿ’ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ನಾನು ಕರ್ನಾಟಕದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಪುಸ್ತಕಕ್ಕೆ ನಂಬರು ಕೊಡುವುದು, ಬೆನ್ನಿಗೆ ಚೀಟಿ ಅಂಟಿಸುವುದು, ಅಕ್ಸೆಷನ್ ರಿಜಿಸ್ಟರಿನಲ್ಲಿ ದಾಖಲು ಮಾಡಿ ಕಪಾಟಿಗೆ ಏರಿಸುವುದು ನನ್ನ ಜೀವಮಾನದ ಕಸುಬು. ಈಗ ಮಗಳ ಸಂಸಾರದ ಜೊತೆ ಇಲ್ಲಿದ್ದೇನೆ. ಜೂನ್ ಬಂತೆಂದರೆ ಈ ನಗರದ ಗ್ರಂಥಾಲಯಗಳಲ್ಲಿ ಮೂಲನಿವಾಸಿಗಳ ಚರಿತ್ರೆಯ ತಿಂಗಳು ನಡೆಯುತ್ತದೆ. ಡೊಳ್ಳಿನಂಥ ದೊಡ್ಡ ಚರ್ಮವಾದ್ಯದ ಸುತ್ತ ಕೂತು ಹಾಡುವವರು, ಮಣಿ ಪೋಣಿಸುವುದನ್ನು ಕಲಿಸುವವರು, ಕಥೆ ಹೇಳುವ ಹಿರಿಯರು, ಹೊಸ ಪುಸ್ತಕ ಓದಿ ತೋರಿಸುವ ಲೇಖಕರು ಬರುತ್ತಾರೆ. ನಾನು ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಅವಳು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನಾನು ಹಿಂದಿನ ಕಪಾಟುಗಳ ಕಡೆಗೆ ಹೋಗಿ ಪುಸ್ತಕಗಳ ಬೆನ್ನು ಓದುತ್ತೇನೆ. ಹಬ್ಬದ ಚರಿತ್ರೆಯೂ ಕಪಾಟಿನ ಚರಿತ್ರೆಯೂ ಬೇರೆ ಬೇರೆ ಎಂದು ಮೊದಲು ಅಂದುಕೊಂಡಿದ್ದೆ. ಓದುತ್ತ ಹೋದಂತೆ ಎರಡೂ ಒಂದೇ ಕಥೆ ಎಂದು ತಿಳಿಯಿತು.

ಹಬ್ಬದ ಕಥೆ ಚಿಕ್ಕದು. ಜೂನ್ 21 ಉತ್ತರ ಗೋಳಾರ್ಧದಲ್ಲಿ ವರ್ಷದ ಅತಿ ದೀರ್ಘ ಹಗಲಿನ ಹೊತ್ತು. ಅನೇಕ ಮೂಲನಿವಾಸಿ ಜನಾಂಗಗಳಿಗೆ ಹಿಂದಿನಿಂದಲೂ ಆಚರಣೆಯ ದಿನ. ಈ ದಿನವನ್ನು ರಾಷ್ಟ್ರೀಯವಾಗಿ ಗುರುತಿಸಬೇಕೆಂದು ನ್ಯಾಷನಲ್ ಇಂಡಿಯನ್ ಬ್ರದರ್‌ಹುಡ್ ಎಂಬ ಸಂಘಟನೆ 1982ರಲ್ಲಿ ಕೇಳಿತು. 1995ರಲ್ಲಿ ಮೂಲನಿವಾಸಿ ನಾಯಕ ಎಲೈಜಾ ಹಾರ್ಪರ್ ಅವರ ಮುಂದಾಳುತನದಲ್ಲಿ ಸೇರಿದ ದೊಡ್ಡ ಸಭೆ ಮತ್ತೆ ಕೇಳಿತು. ಅದೇ ವರ್ಷ ಮೂಲನಿವಾಸಿಗಳ ಸ್ಥಿತಿಗತಿ ಕುರಿತ ರಾಯಲ್ ಆಯೋಗವೂ ಶಿಫಾರಸು ಮಾಡಿತು. 1996ರ ಜೂನ್ 13ರಂದು ಗವರ್ನರ್ ಜನರಲ್ ರೋಮಿಯೊ ಲೆಬ್ಲಾಂಕ್ ಘೋಷಣೆಗೆ ಸಹಿ ಹಾಕಿದರು. 2009ರಲ್ಲಿ ಸಂಸತ್ತಿನ ಕೆಳಮನೆ ಒಮ್ಮತದಿಂದ ಇಡೀ ಜೂನ್ ತಿಂಗಳನ್ನೇ ಮೂಲನಿವಾಸಿಗಳ ಚರಿತ್ರೆಗೆ ಮೀಸಲಿಟ್ಟಿತು. ಅಂದರೆ ಈ ದಿನ ಸರ್ಕಾರ ತಾನಾಗಿ ಕೊಟ್ಟದ್ದಲ್ಲ. ಕೇಳಿದ್ದು ಅವರು. ಕೇಳಿ ಹದಿನಾಲ್ಕು ವರ್ಷವಾದ ಮೇಲೆ ಸಿಕ್ಕಿತು.

ಗ್ರಂಥಾಲಯದ ಸಭಾಂಗಣದಲ್ಲಿ ಆ ವಾದ್ಯ ಮೊಳಗಿದಾಗ ಮಕ್ಕಳು ನಗುತ್ತ ಕಿವಿ ಮುಚ್ಚಿಕೊಳ್ಳುತ್ತವೆ, ದೊಡ್ಡವರು ಫೋನು ತೆಗೆದು ಚಿತ್ರ ಹಿಡಿಯುತ್ತಾರೆ. ಒಂದು ಕಾಲಕ್ಕೆ ಇಂಥ ಕೂಟಕ್ಕೆ ಈ ದೇಶದಲ್ಲಿ ಜೈಲು ಶಿಕ್ಷೆ ಇತ್ತು. 1876ರಲ್ಲಿ ಕೆನಡಾ ಇಂಡಿಯನ್ ಆಕ್ಟ್ ಎಂಬ ಕಾಯ್ದೆಯನ್ನು ಮಾಡಿತು. ಯಾರು ಮೂಲನಿವಾಸಿ, ಯಾರು ಅಲ್ಲ, ಎಲ್ಲಿರಬೇಕು, ಹೇಗೆ ಆಳಿಸಿಕೊಳ್ಳಬೇಕು, ಎಲ್ಲವೂ ಅದರಲ್ಲಿತ್ತು. ಗ್ರಂಥಪಾಲಕಿಯಾದ ನನ್ನನ್ನು ಅದರ ಒಂದು ಕಲಮು ಬಹಳ ಕಾಡಿದೆ. ಮೂಲನಿವಾಸಿಯೊಬ್ಬ ವಿಶ್ವವಿದ್ಯಾಲಯದ ಪದವಿ ಪಡೆದರೆ, ವೈದ್ಯನೋ ವಕೀಲನೋ ಆದರೆ, ಅಷ್ಟರಿಂದಲೇ ಅವನನ್ನು ‘ಮುಕ್ತ’ಗೊಳಿಸಿ ಅವನ ಜನಾಂಗದ ಪಟ್ಟಿಯಿಂದ ತೆಗೆಯುವ ಕಲಮು ಅದು. ಕೆಲವೇ ವರ್ಷಗಳಲ್ಲಿ ಅದರ ಬಿಗಿ ಸಡಿಲವಾಯಿತು, ನಿಜ. ಆದರೂ ಓದಿದವನು ತನ್ನವರನ್ನು ಬಿಡಲೇಬೇಕು ಎಂದು ಬರೆದ ದೇಶದಲ್ಲಿ ಪುಸ್ತಕದ ಮನೆಗೆ ಆ ಜನ ಹೇಗೆ ಹತ್ತಿರವಾದಾರು?

1884ರ ತಿದ್ದುಪಡಿ ಪಶ್ಚಿಮ ಕರಾವಳಿಯ ಪಾಟ್‌ಲ್ಯಾಚ್ ಎಂಬ ಆಚರಣೆಯನ್ನು ನಿಷೇಧಿಸಿತು. ಮದುವೆ, ನಾಮಕರಣ, ಸಾವು, ಪದವಿಯ ವರ್ಗಾವಣೆ ಇಂಥ ಸಂದರ್ಭಗಳಲ್ಲಿ ನೂರಾರು ಜನರನ್ನು ಕರೆದು, ಕುಣಿದು, ಊಟ ಹಾಕಿ, ಬಂದವರಿಗೆಲ್ಲ ಉಡುಗೊರೆ ಕೊಟ್ಟು ಕಳಿಸುವ ಪದ್ಧತಿ ಅದು. ಉಡುಗೊರೆ ಪಡೆದವರು ಆ ಘಟನೆಗೆ ಸಾಕ್ಷಿಗಳು. ಬರವಣಿಗೆಯನ್ನು ನಂಬದೆ ಮನುಷ್ಯರ ನೆನಪನ್ನು ನಂಬಿದ ಜನರ ದಫ್ತರವೇ ಈ ಪಾಟ್‌ಲ್ಯಾಚ್. 1921ರ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟಿಷ್ ಕೊಲಂಬಿಯಾದ ವಿಲೇಜ್ ಐಲ್ಯಾಂಡ್ ಎಂಬ ನಡುಗಡ್ಡೆಯಲ್ಲಿ ಡ್ಯಾನ್ ಕ್ರಾನ್‌ಮರ್ ಎಂಬ ಮುಖಂಡ ದೊಡ್ಡ ಪಾಟ್‌ಲ್ಯಾಚ್ ಮಾಡಿದ. ಸರ್ಕಾರದ ಏಜೆಂಟ್ ವಿಲಿಯಂ ಹ್ಯಾಲಿಡೇಗೆ ಸುದ್ದಿ ಮುಟ್ಟಿತು. 45 ಜನರ ಮೇಲೆ ಕೇಸು ಬಿತ್ತು. ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹೊತ್ತು ತಂದದ್ದು ಇವೇ ಅಪರಾಧಗಳು. ಮುಖವಾಡಗಳನ್ನೂ ತಾಮ್ರದ ಫಲಕಗಳನ್ನೂ ಒಪ್ಪಿಸಿದರೆ ಶಿಕ್ಷೆ ಹಗುರ ಎಂದರು. ಇಪ್ಪತ್ತು ಮಂದಿ ಗಂಡಸರು ಹೆಂಗಸರು ಓಕಾಲ ಜೈಲಿಗೆ ಹೋದರು. ವಶಪಡಿಸಿಕೊಂಡ ವಸ್ತುಗಳನ್ನು ಹ್ಯಾಲಿಡೇ ಚರ್ಚಿನ ಸಭಾಂಗಣದಲ್ಲಿ ಬೆಂಚುಗಳ ಮೇಲೆ ಹರಡಿ, ಟಿಕೇಟು ಇಟ್ಟು ಜನರಿಗೆ ತೋರಿಸಿದ. ಆಮೇಲೆ ಅವು ಒಟ್ಟಾವ, ನ್ಯೂಯಾರ್ಕ್, ಟೊರಾಂಟೊದ ಮ್ಯೂಸಿಯಮ್ಮುಗಳಿಗೆ ಹಂಚಿಹೋದವು. ಸ್ಪಡೈನಾ ರಸ್ತೆಯ ಗ್ರಂಥಾಲಯದಿಂದ ಟೊರಾಂಟೊದ ಆ ಮ್ಯೂಸಿಯಂ ಕಾಲು ಗಂಟೆಯ ನಡಿಗೆಯ ದೂರ.

1951ರಲ್ಲಿ ಕಾಯ್ದೆಯನ್ನು ತಿದ್ದಿದಾಗ ಆ ನಿಷೇಧ ಹೋಯಿತು. ತಮ್ಮ ಭೂಮಿಯ ದಾವೆಗಾಗಿ ವಕೀಲರನ್ನು ಇಡಲು ಹಣ ಕೂಡಿಸಬಾರದು ಎಂದು 1927ರಲ್ಲಿ ಸೇರಿಸಿದ್ದ ಕಲಮೂ ಅದರೊಂದಿಗೇ ಹೋಯಿತು. ಮುಖವಾಡಗಳು ಊರಿಗೆ ಮರಳತೊಡಗಿದ್ದು 1979ರಲ್ಲಿ. ಅವುಗಳಿಗಾಗಿ ಅಲರ್ಟ್ ಬೇ ಎಂಬಲ್ಲಿ ಕಟ್ಟಿದ ಉಮಿಸ್ತ ಸಾಂಸ್ಕೃತಿಕ ಕೇಂದ್ರ 1980ರಲ್ಲಿ ತೆರೆಯಿತು. ಗ್ರಂಥಾಲಯದ ಸಭಾಂಗಣದಲ್ಲಿ ಈಗ ಬಹಿರಂಗವಾಗಿ ಮೊಳಗುವ ವಾದ್ಯಕ್ಕೆ ಇಷ್ಟು ಹಿನ್ನೆಲೆ ಇದೆ. ಅದನ್ನು ಬರೀ ಮನರಂಜನೆ ಎಂದು ನೋಡಲು ನನ್ನಿಂದ ಆಗುವುದಿಲ್ಲ.

ಪ್ರತಿ ಕಾರ್ಯಕ್ರಮದ ಮೊದಲು ಸಿಬ್ಬಂದಿಯೊಬ್ಬರು ಎದ್ದು ಈ ನೆಲ ಯಾರದು ಎಂದು ಹೇಳುತ್ತಾರೆ. ಕ್ರೆಡಿಟ್ ನದಿಯ ಮಿಸಿಸಾಗ ಜನ, ಅನಿಶಿನಾಬೆ, ಹೊಡೆನೊಶೋನಿ, ವೆಂಡಾಟ್ ಎಂಬ ಹೆಸರುಗಳು ಬರುತ್ತವೆ. ಕೇಳಿ ಕೇಳಿ ಅಭ್ಯಾಸವಾದವರಿಗೆ ಅದು ಪ್ರಾರ್ಥನೆಯ ಹಾಗೆ ಹಾದುಹೋಗಬಹುದು. ಆದರೆ ಅದರ ಹಿಂದೆ ಒಂದು ಕಾಗದದ ಕಥೆ ಇದೆ. 1787ರಲ್ಲಿ ಬ್ರಿಟಿಷರು ಮಿಸಿಸಾಗ ಮುಖಂಡರಿಂದ ಟೊರಾಂಟೊದ ನೆಲವನ್ನು ಕೊಂಡೆವು ಎಂದರು. ಕೆಲವು ವರ್ಷಗಳ ನಂತರ ಆ ಕರಾರುಪತ್ರವನ್ನು ತೆಗೆದು ನೋಡಿದರೆ ಅದರಲ್ಲಿ ನೆಲದ ಚಕ್ಕುಬಂದಿಯೇ ಇಲ್ಲ, ಖಾಲಿ. ಮೂವರು ಮುಖಂಡರ ಗುರುತುಗಳು ಬೇರೆ ಚೀಟಿಗಳಲ್ಲಿದ್ದು, ಅವನ್ನು ಪತ್ರಕ್ಕೆ ಅಂಟಿಸಿದ್ದರು. 1805ರಲ್ಲಿ ಮತ್ತೆ ಕೂತು, ಸುಮಾರು ಎರಡೂವರೆ ಲಕ್ಷ ಎಕರೆಗೆ ಹತ್ತು ಶಿಲ್ಲಿಂಗ್ ಕೊಟ್ಟು ಪಕ್ಕಾ ಮಾಡಿಕೊಂಡರು. ಮಿಸಿಸಾಗ ಜನ ಇದನ್ನು ಬಿಡಲಿಲ್ಲ. ಪತ್ರಾಗಾರಗಳಲ್ಲಿದ್ದ ದಾಖಲೆಗಳ ಬಲದಿಂದ 1986ರಲ್ಲಿ ದಾವೆ ಹೂಡಿ, 2010ರಲ್ಲಿ 14 ಕೋಟಿ 50 ಲಕ್ಷ ಡಾಲರಿನ ಪರಿಹಾರ ಪಡೆದರು. ಇನ್ನೂರು ವರ್ಷ ಉಳಿದುಬಂದ ಒಂದು ಖಾಲಿ ಕಾಗದವೇ ಅವರ ಸಾಕ್ಷಿಯಾಯಿತು. ಹಳೆಯ ಕಾಗದವನ್ನು ಯಾಕೆ ಕಾಯಬೇಕು ಎಂದು ನನ್ನನ್ನು ಕೇಳುತ್ತಿದ್ದ ಹುಡುಗರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಕಪಾಟಿನ ಕಥೆ. ಇಂಡಿಯನ್ ಆಕ್ಟ್ ಬಂದ 1876ರಲ್ಲೇ ಅಮೆರಿಕದಲ್ಲಿ ಮೆಲ್ವಿಲ್ ಡ್ಯೂಯಿ ತನ್ನ ದಶಮಾಂಶ ವರ್ಗೀಕರಣವನ್ನು ಅಚ್ಚು ಹಾಕಿಸಿದ. ಲೋಕದ ಜ್ಞಾನವನ್ನೆಲ್ಲ ಹತ್ತು ಮನೆಗಳಲ್ಲಿ ಹಂಚಿದ ಸಣ್ಣ ಪುಸ್ತಿಕೆ. ನಮ್ಮ ಕಾಲೇಜಿನಲ್ಲೂ ಅದೇ, ಟೊರಾಂಟೊದಲ್ಲೂ ಅದೇ. ಅದರ ಒಳಗೆ ಕೈಯಾಡಿಸಿದವರಿಗೆ ಯಾರಿಗೆ ಎಷ್ಟು ಜಾಗ ಸಿಕ್ಕಿದೆ ಎಂಬುದು ಗೊತ್ತು. ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829ರ ತನಕ ಇಡೀ ಮನೆ. ಪಂಪನಿಂದ ಹಿಡಿದು ಕುವೆಂಪು ತನಕ ನಮ್ಮ ಸಾವಿರ ವರ್ಷದ ಕನ್ನಡ ಸಾಹಿತ್ಯಕ್ಕೆ ‘ಇತರ ಸಾಹಿತ್ಯಗಳು’ ಎಂಬ 890ರಲ್ಲಿ, ಬಿಂದುವಿನ ಆಚೆ, 894.814 ಎಂಬ ಮೂಲೆ. ಧರ್ಮದ 200ರ ಮನೆಯಲ್ಲಿ ಬಹುಪಾಲು ಕೋಣೆಗಳು ಕ್ರೈಸ್ತ ಧರ್ಮಕ್ಕೆ. ಉಳಿದೆಲ್ಲ ಧರ್ಮಗಳೂ 290ರಲ್ಲಿ ಒತ್ತಿಕೊಂಡಿವೆ, ಹಿಂದೂ ಧರ್ಮ 294.5ರಲ್ಲಿ. ಮೂವತ್ತು ವರ್ಷ ಈ ನಂಬರುಗಳನ್ನು ನನ್ನ ಕೈಯಾರೆ ಬರೆದಿದ್ದೇನೆ. ಹಾಗಾಗಿ ಟೊರಾಂಟೊದ ಕಪಾಟಿನಲ್ಲಿ 894ರ ಮುಂದೆ ಸ್ವಲ್ಪ ಸರಿದು 897ಕ್ಕೆ ಬಂದಾಗ, ಅದು ಉತ್ತರ ಅಮೆರಿಕದ ಮೂಲನಿವಾಸಿ ಭಾಷೆಗಳ ಸಾಹಿತ್ಯದ ಜಾಗ ಎಂದು ಓದಿದಾಗ, ನೆರೆಮನೆಯವರು ಸಿಕ್ಕ ಹಾಗಾಯಿತು.

ಆದರೆ ಅವರ ಪಾಡು ನಮ್ಮದಕ್ಕಿಂತ ಕಷ್ಟದ್ದು. ಅವರ ಪವಿತ್ರ ಕಥೆಗಳು 398.2ರಲ್ಲಿ, ಕಿನ್ನರಿಯರ ಕಥೆಗಳ ಪಕ್ಕದಲ್ಲಿ. ಅವರ ಧರ್ಮ 299.7ರಲ್ಲಿ, ಧರ್ಮಗಳ ಸಾಲಿನ ಕೊನೆಯ ಮೆಟ್ಟಿಲಲ್ಲಿ. ಮತ್ತೆ ಮಿಕ್ಕದ್ದೆಲ್ಲ, ಅವರ ಕಾನೂನು, ಅವರ ಕಲೆ, ಅವರ ಮೀನುಗಾರಿಕೆ, ಅವರ ಇಂದಿನ ರಾಜಕೀಯ, ಬಹುಕಾಲ ಹೋಗಿ ಸೇರುತ್ತಿದ್ದದ್ದು 970ಕ್ಕೆ. ಅದು ಉತ್ತರ ಅಮೆರಿಕದ ಚರಿತ್ರೆಯ ನಂಬರು. ಬದುಕಿರುವ ಜನರನ್ನು ಹೀಗೆ ಇಡಿಯಾಗಿ ಚರಿತ್ರೆಯ ಕಪಾಟಿಗೆ ಏರಿಸಿದರೆ ಓದುವ ಮಗುವಿಗೆ ಏನು ತಿಳಿಯುತ್ತದೆ? ಇವರು ಹಿಂದೆ ಇದ್ದರು, ಈಗ ಇಲ್ಲ ಎಂದು ತಿಳಿಯುತ್ತದೆ. ನಮ್ಮ ಕಾಲೇಜಿನ ಪರಾಮರ್ಶನ ವಿಭಾಗದಲ್ಲೂ ಜೇನುಕುರುಬರ, ಸೋಲಿಗರ ವಿಷಯ ಸಿಗುತ್ತಿದ್ದದ್ದು 1928ರಿಂದ ಹೊರಬಂದ ‘ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಸಂಪುಟಗಳಲ್ಲಿ. ಅವರನ್ನು ಕುರಿತು ಬೇರೆಯವರು ಬರೆದದ್ದು ಇತ್ತು, ಅವರು ಬರೆದದ್ದು ಇರಲಿಲ್ಲ.

ಬೇಸಿಲ್ ಜಾನ್‌ಸ್ಟನ್ (1929–2015) ಎಂಬ ಒಜಿಬ್ವೆ ಲೇಖಕರು ಬರೆದಿರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಶಾಲೆಯೊಂದರಲ್ಲಿ ಮಕ್ಕಳು ಮೂಲನಿವಾಸಿಗಳ ಬಗ್ಗೆ ವಾರಗಟ್ಟಲೆ ಕಲಿತು ಪ್ರದರ್ಶನ ಮಾಡಿದ್ದರು. ಎಲ್ಲ ಕಡೆ ಡೇರೆಗಳು, ಕೊಡಲಿಗಳು, ದೋಣಿಗಳು. ಒಬ್ಬ ಹುಡುಗ ಬೇಸರದಿಂದ ಕೂತಿದ್ದ. ಅವರ ಬಗ್ಗೆ ತಿಳಿಯಬೇಕಾದದ್ದು ಇಷ್ಟೇನಾ ಎಂದು ಜಾನ್‌ಸ್ಟನ್ನರನ್ನು ಕೇಳಿದ. ಆ ಮಾತು ಅವರ ಮನಸ್ಸಿನಲ್ಲಿ ನಾಟಿತು. ಅವರು ತಾವೇ ರೆಸಿಡೆನ್ಶಿಯಲ್ ಶಾಲೆಯಲ್ಲಿ ಬೆಳೆದವರು. ತಾಯಿ ತಂದೆಯರಿಂದ ಮಕ್ಕಳನ್ನು ಕಿತ್ತು, ಅವರ ಭಾಷೆಯನ್ನು ಬಾಯಿಂದ ಬಿಡಿಸುತ್ತಿದ್ದ ಆ ಶಾಲೆಗಳಿಗೆ ಸುಮಾರು ಒಂದೂವರೆ ಲಕ್ಷ ಮಕ್ಕಳು ಹೋದರು. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಜಾನ್‌ಸ್ಟನ್ ಆ ಭಾಷೆಯನ್ನು ಉಳಿಸಿಕೊಂಡರು. 1976ರಲ್ಲಿ ‘ಒಜಿಬ್ವೆ ಹೆರಿಟೇಜ್’, 1988ರಲ್ಲಿ ಶಾಲೆಯ ದಿನಗಳ ಬಗ್ಗೆ ‘ಇಂಡಿಯನ್ ಸ್ಕೂಲ್ ಡೇಸ್’ ಬರೆದರು. ಆ ಹುಡುಗನ ಪ್ರಶ್ನೆಗೆ ಜೀವನವಿಡೀ ಉತ್ತರ ಬರೆದರು ಎಂದೇ ನಾನು ಓದಿಕೊಂಡಿದ್ದೇನೆ.

ನಮ್ಮ ಕಸುಬಿನ ಒಳಗಿನಿಂದ ಉತ್ತರ ಕೊಟ್ಟವರು ಬ್ರಯನ್ ಡಿಯರ್. ಮಾಂಟ್ರಿಯಲ್ ಹತ್ತಿರದ ಕಾನವಾಗೆಯ ಮೊಹಾಕ್ ಜನಾಂಗದವರು. ಕೆನಡಾದ ಮೊದಮೊದಲ ಮೂಲನಿವಾಸಿ ಗ್ರಂಥಪಾಲಕರಲ್ಲಿ ಒಬ್ಬರು. 1974ರಿಂದ 1976ರ ತನಕ ಒಟ್ಟಾವದಲ್ಲಿ ನ್ಯಾಷನಲ್ ಇಂಡಿಯನ್ ಬ್ರದರ್‌ಹುಡ್‌ನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಾಗ ಅವರ ಮೇಜಿಗೆ ಬರುತ್ತಿದ್ದದ್ದು ಒಪ್ಪಂದಗಳು, ಭೂಮಿಯ ದಾವೆಗಳು, ಸ್ವಯಮಾಡಳಿತದ ವರದಿಗಳು. ಇರುವ ಯಾವ ವರ್ಗೀಕರಣದಲ್ಲೂ ಅವಕ್ಕೆ ಸರಿಯಾದ ಜಾಗವಿಲ್ಲ. ಡಿಯರ್ ತಮ್ಮದೇ ಕ್ರಮ ಕಟ್ಟಿದರು. ಅದರಲ್ಲಿ ಜನಾಂಗಗಳು ಅಕಾರಾದಿಯಲ್ಲಿ ನಿಲ್ಲುವುದಿಲ್ಲ. ನೆಲದ ಮೇಲೆ ಯಾರು ಯಾರ ನೆರೆಯವರೋ ಕಪಾಟಿನಲ್ಲೂ ಅವರ ಪಕ್ಕ ಅವರೇ. ಗ್ರಂಥಾಲಯ ಇರುವ ನೆಲದ ಜನ ಮೊದಲು, ದೂರದವರು ಆಮೇಲೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲನಿವಾಸಿ ಗ್ರಂಥಾಲಯದಲ್ಲಿ ಜೀನ್ ಜೋಸೆಫ್ ಎಂಬ ಗ್ರಂಥಪಾಲಕಿ ಈ ಕ್ರಮವನ್ನು ಅಲ್ಲಿಗೆ ಹೊಂದುವಂತೆ ಬೆಳೆಸಿದರು. ಇಂದಿಗೂ ಅದು ಅಲ್ಲಿ ನಡೆಯುತ್ತಿದೆ. ಡಿಯರ್ 2019ರಲ್ಲಿ ತೀರಿಕೊಂಡರು. ನಮ್ಮ ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲಿ ಡ್ಯೂಯಿಯ ಹೆಸರಿನ ಜೊತೆ ಇವರ ಹೆಸರೂ ಬರಬೇಕು ಎನ್ನುವುದು ನನ್ನ ಆಸೆ.

ಸ್ಪಡೈನಾ ಶಾಖೆಯ ಕಪಾಟಿನಿಂದ ಒಮ್ಮೆ ಒಂದು ಕ್ರೀ ಪುಸ್ತಕ ತೆಗೆದೆ. ಬೇರೆಯೇ ಲಿಪಿ. ತ್ರಿಕೋನ, ಕೊಕ್ಕೆ, ಬಾಗಿದ ಗೆರೆಗಳು. ಮೊಮ್ಮಗಳು ಇದು ಗಣಿತವಾ ಅಜ್ಜಿ ಎಂದಳು. ಕೊನೆಯ ಪುಟದಲ್ಲಿ ಅಕ್ಷರಗಳ ಪಟ್ಟಿ ಇತ್ತು. ನೋಡುತ್ತ ನೋಡುತ್ತ ನಾನು ಕೂತುಬಿಟ್ಟೆ. ತಳವಿಲ್ಲದ ಒಂದು ತ್ರಿಕೋನ; ಅದರ ಚೂಪು ಕೆಳಗಿದ್ದರೆ ‘ಪೆ’, ಮೇಲಿದ್ದರೆ ‘ಪಿ’, ಬಲಕ್ಕಿದ್ದರೆ ‘ಪೊ’, ಎಡಕ್ಕಿದ್ದರೆ ‘ಪ’. ವ್ಯಂಜನದ ಆಕಾರ ಒಂದೇ, ಸ್ವರ ಬದಲಾದರೆ ಅದು ತಿರುಗುತ್ತದೆ. ನಮ್ಮ ಕಾಗುಣಿತವೇ! ನಾವು ತಲೆಕಟ್ಟು ತೆಗೆದು ಗುಡಿಸು, ಕೊಂಬು ಹಚ್ಚುತ್ತೇವೆ. ಅವರು ಅಕ್ಷರವನ್ನೇ ತಿರುಗಿಸುತ್ತಾರೆ.

ಈ ಹೋಲಿಕೆ ಆಕಸ್ಮಿಕವಲ್ಲ ಎಂದು ಆಮೇಲೆ ಓದಿ ತಿಳಿದೆ. 1840ರಲ್ಲಿ ಉತ್ತರದ ನಾರ್ವೆ ಹೌಸ್ ಎಂಬಲ್ಲಿ ಜೇಮ್ಸ್ ಇವಾನ್ಸ್ ಎಂಬ ಮಿಷನರಿ ಈ ಲಿಪಿಯಲ್ಲಿ ಅಚ್ಚು ಶುರುಮಾಡಿದ. ಶೀಘ್ರಲಿಪಿಯ ಜೊತೆ ದೇವನಾಗರಿಯ ಪರಿಚಯವೂ ಅವನಿಗಿತ್ತು, ಸ್ವರವನ್ನು ವ್ಯಂಜನದೊಳಗೇ ಸೇರಿಸುವ ಉಪಾಯ ಅಲ್ಲಿಂದ ಬಂತು ಎಂದು ವಿದ್ವಾಂಸರು ಹೇಳುತ್ತಾರೆ. ಅಚ್ಚಿನ ಮೊಳೆಗೆ ಸೀಸ ಇರಲಿಲ್ಲ; ಟೀ ಪೆಟ್ಟಿಗೆಗಳ ಒಳಗಿನ ಸೀಸದ ಹಾಳೆಯನ್ನು ಕರಗಿಸಿದ. ಶಾಯಿ ಇರಲಿಲ್ಲ; ಮಸಿಗೆ ಮೀನಿನ ಎಣ್ಣೆ ಬೆರೆಸಿದ. ತುಪ್ಪಳದ ಕಟ್ಟುಗಳನ್ನು ಒತ್ತುವ ಯಂತ್ರವೇ ಮುದ್ರಣಯಂತ್ರವಾಯಿತು. ಕ್ರೀ ಜನರ ಬಾಯಲ್ಲಿ ಬಂದಿರುವ ಕಥೆ ಬೇರೆ: ಈ ಅಕ್ಷರಗಳನ್ನು ಕಾಲಿಂಗ್ ಬ್ಯಾಜರ್ ಎಂಬ ಅವರದೇ ಜ್ಞಾನಿ ಆತ್ಮಲೋಕದಿಂದ ಪಡೆದು ತಂದ. ಯಾರಿಂದ ಬಂದರೂ ಹರಡಿದ್ದು ಕ್ರೀ ಜನರಿಂದಲೇ. ಶಾಲೆಯಿಲ್ಲದೆ, ಬೇಟೆಯ ದಾರಿಯಲ್ಲಿ, ತೊಗಟೆಯ ಮೇಲೆ ಇದ್ದಿಲಿನಿಂದ ಬರೆದು ಒಬ್ಬರಿಗೊಬ್ಬರು ಕಲಿಸಿಕೊಂಡರು. ಓದು ಬರಹ ಗೊತ್ತಿಲ್ಲದವರು ಎಂದು ಇವರನ್ನು ಶಾಲೆಗೆ ಎಳೆದೊಯ್ದ ಕಾಲದಲ್ಲಿ ಇವರು ತಮ್ಮ ಲಿಪಿಯಲ್ಲಿ ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದರು.

ಅದೇ ಕಪಾಟಿನಲ್ಲಿ ಮರಿಯ ಕ್ಯಾಂಪ್‌ಬೆಲ್ ಅವರ ‘ಹಾಫ್‌ಬ್ರೀಡ್’ ಇದೆ. 1973ರಲ್ಲಿ ಬಂದ, ಮೂಲನಿವಾಸಿ ಮತ್ತು ಯುರೋಪಿಯನ್ ಬೇರುಗಳೆರಡೂ ಇರುವ ಮೇಟಿ ಜನಾಂಗದ ಹೆಂಗಸೊಬ್ಬಳ ಆತ್ಮಕಥೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಪೊಲೀಸನೊಬ್ಬ ತನ್ನ ಮೇಲೆ ಎಸಗಿದ ಅತ್ಯಾಚಾರವನ್ನು ಅವರು ಬರೆದಿದ್ದರು. ಅಚ್ಚಾದಾಗ ಆ ಭಾಗ ಇರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಓದುಗರ ಕೈಯಲ್ಲಿದ್ದದ್ದು ಕತ್ತರಿಸಿದ ಪುಸ್ತಕ. ಆಮೇಲೆ ಇಬ್ಬರು ಸಂಶೋಧಕಿಯರು ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿ ಮೂಲ ಹಸ್ತಪ್ರತಿಯನ್ನು ಹುಡುಕಿ ತೆಗೆದರು. ಆ ಪುಟಗಳ ಮೇಲೆ ದೊಡ್ಡ ಕೆಂಪು ಗೆರೆ ಹೊಡೆದಿತ್ತು. 2019ರಲ್ಲಿ ಪೂರ್ತಿ ಪುಸ್ತಕ ಬಂತು. ಕತ್ತರಿಸಿದ್ದೂ ಪುಸ್ತಕಲೋಕವೇ, ಕಾಪಿಟ್ಟದ್ದೂ ಪುಸ್ತಕಲೋಕವೇ. ಗ್ರಂಥಾಲಯಗಳಿಗೆ ತಮ್ಮ ಜವಾಬ್ದಾರಿ ಎಷ್ಟು ದೊಡ್ಡದು ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ಒಂದು ಜೂನಿನ ಕಾರ್ಯಕ್ರಮದಲ್ಲಿ ಅನಿಶಿನಾಬೆ ಅಜ್ಜಿಯೊಬ್ಬರು ಕಥೆ ಹೇಳಲು ಬಂದಿದ್ದರು. ಕೂತ ಕೂಡಲೇ ಗ್ರಂಥಾಲಯದ ಹುಡುಗಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಚಿಕ್ಕ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಒಳಗಿದ್ದದ್ದು ಹೊಗೆಸೊಪ್ಪು. ಹಿರಿಯರ ಬಳಿ ಏನನ್ನಾದರೂ ಕೇಳುವ ಮೊದಲು ಹೀಗೆ ಕೊಡುವುದು ಅವರ ಪದ್ಧತಿ. ವೀಳ್ಯ ಕೊಟ್ಟು ಕೇಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಮಾತು ಶುರುಮಾಡಿದರು. ತಮ್ಮ ಅಜ್ಜಿ ಬರ್ಚ್ ತೊಗಟೆಯಲ್ಲಿ ಬುಟ್ಟಿ ಹೆಣೆಯುತ್ತಿದ್ದದ್ದು, ಜೂನಿನಲ್ಲಿ ಕಾಡು ಸ್ಟ್ರಾಬೆರಿ ಆರಿಸಲು ಹೋಗುತ್ತಿದ್ದದ್ದು. ನನ್ನ ಮೊಮ್ಮಗಳು ಕೈ ಎತ್ತಿ, ನಾನಬುಷ್ ಕಥೆ ಹೇಳಿ ಎಂದಳು. ಶಾಲೆಯಲ್ಲಿ ಆ ಮಾಯಾವಿಯ ಹೆಸರು ಕೇಳಿದ್ದಳು.

“ಹಿಮ ಬಿದ್ದ ಮೇಲೆ ಕೇಳು ಮಗಳೇ, ಹೇಳ್ತೀನಿ” ಎಂದರು ಅಜ್ಜಿ. ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವ ಕಥೆಗಳು ಅವು.

“ಪುಸ್ತಕದಲ್ಲಿ ಇದೆಯಲ್ಲ” ಎಂದಳು ಇವಳು, ಕಪಾಟಿನ ಕಡೆ ಬೆರಳು ತೋರಿಸಿ.

“ಓದು, ಬೇಡ ಅನ್ನಲ್ಲ. ನನ್ನ ಬಾಯಲ್ಲಿ ಕೇಳಬೇಕಂದ್ರೆ ಹಿಮ ಬೀಳಬೇಕು.”

ಆ ಮಾತು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ನಮ್ಮ ತಲೆಮಾರಿನ ಗ್ರಂಥಪಾಲಕರು ಎಸ್. ಆರ್. ರಂಗನಾಥನ್ ಅವರನ್ನು ಗುರುವೆಂದು ನಂಬಿದವರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅದೇ ಊರಿನಲ್ಲಿ ಕಣ್ಣುಮುಚ್ಚಿದರು. ಪುಸ್ತಕ ಬೀಗದೊಳಗೆ ಇರಬಾರದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಅವನ ವೇಳೆ ಉಳಿಯಬೇಕು ಎಂದು 1931ರಲ್ಲಿ ಅವರು ಹಾಕಿಕೊಟ್ಟ ಸೂತ್ರಗಳನ್ನು ನಾನು ನಂಬಿ ನಡೆದಿದ್ದೇನೆ, ಈಗಲೂ ನಂಬುತ್ತೇನೆ. ಆದರೆ ಎಲ್ಲ ಜ್ಞಾನವೂ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಎಂಬುದು ಎಲ್ಲ ಜನರ ನಿಯಮವಲ್ಲ. ಮಲೆ ಮಾದೇಶ್ವರನ ಕಾವ್ಯವನ್ನು ಹಾಡಲು ದೇವರಗುಡ್ಡರು ದೀಕ್ಷೆ ಪಡೆದಿರುತ್ತಾರೆ. ಅದೇ ಕಾವ್ಯ ಅಚ್ಚಾಗಿ ನಮ್ಮ ಕಾಲೇಜಿನ ಜಾನಪದ ಕಪಾಟಿನಲ್ಲಿತ್ತು. ಅಚ್ಚಿನ ಪುಸ್ತಕ ದೀಕ್ಷೆಯನ್ನು ಕೇಳುವುದಿಲ್ಲ. ಉತ್ತರ ಅಮೆರಿಕದಲ್ಲಿ ಎಷ್ಟೋ ಕಥೆಗಳನ್ನು, ಹಾಡುಗಳನ್ನು, ವಿಧಿಗಳ ಚಿತ್ರಗಳನ್ನು ಸಂಶೋಧಕರು ಕೇಳಿಯೋ ಕೇಳದೆಯೋ ತೆಗೆದುಕೊಂಡು ಹೋಗಿ ಸಂಗ್ರಹಗಳಿಗೆ ಸೇರಿಸಿದ್ದಾರೆ. ಅವುಗಳನ್ನು ಯಾರಿಗೆ, ಯಾವಾಗ ತೋರಿಸಬೇಕೆಂದು ಆ ಜನರನ್ನೇ ಕೇಳಿ ನಡೆಯಬೇಕೆಂಬ ನಿಯಮಾವಳಿಯನ್ನು ಅಮೆರಿಕದ ಮೂಲನಿವಾಸಿ ಪತ್ರಾಗಾರಪಾಲಕರೂ ಅವರ ಜೊತೆಗೂಡಿದ ಇತರರೂ 2006ರ ಹೊತ್ತಿಗೆ ರೂಪಿಸಿದರು. ರಂಗನಾಥನ್ನರ ಕೊನೆಯ ಸೂತ್ರದ ಪ್ರಕಾರ ಗ್ರಂಥಾಲಯ ಬೆಳೆಯುವ ಜೀವಿ. ಕೊಡುವುದನ್ನು ಕಲಿತ ಗ್ರಂಥಾಲಯ ಈಗ ಕೇಳುವುದನ್ನು ಕಲಿಯುತ್ತಿದೆ, ಇದೂ ಬೆಳವಣಿಗೆಯೇ.

2015ರಲ್ಲಿ, ರೆಸಿಡೆನ್ಶಿಯಲ್ ಶಾಲೆಗಳ ಚರಿತ್ರೆಯನ್ನು ವಿಚಾರಿಸಿದ, ಮರ್ರಿ ಸಿಂಕ್ಲೇರ್ ಅವರ ನೇತೃತ್ವದ ಸತ್ಯ ಮತ್ತು ಸಮನ್ವಯ ಆಯೋಗ 94 ಕರೆಗಳನ್ನು ಕೊಟ್ಟಿತು. 69ನೆಯದು ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರಕ್ಕೆ. 2017ರಲ್ಲಿ ಕೆನಡಾದ ಗ್ರಂಥಾಲಯ ಸಂಘಗಳ ಒಕ್ಕೂಟ ತನ್ನ ವರದಿಯಲ್ಲಿ ವರ್ಗೀಕರಣವನ್ನೂ ವಿಷಯಶೀರ್ಷಿಕೆಗಳನ್ನೂ ತಿದ್ದಬೇಕೆಂದು ಒಪ್ಪಿಕೊಂಡಿತು. ಕೆಲಸ ನಿಧಾನ. ಇನ್ನೂ ಎಷ್ಟೋ ಕ್ಯಾಟಲಾಗುಗಳಲ್ಲಿ ಈ ಜನ ‘ಇಂಡಿಯನ್ಸ್’ ಎಂಬ ತಲೆಬರಹದಡಿಯಲ್ಲೇ ಇದ್ದಾರೆ.

ನಗರದಲ್ಲಿ ಇಷ್ಟಾದರೂ ಇದೆ. ರಿಸರ್ವ್‌ಗಳ ಸ್ಥಿತಿ ಬೇರೆ. ಸಾರ್ವಜನಿಕ ಗ್ರಂಥಾಲಯ ಪ್ರಾಂತ ಸರ್ಕಾರದ ಹೊಣೆ, ರಿಸರ್ವ್ ಕೇಂದ್ರ ಸರ್ಕಾರದ ಹೊಣೆ. ಈ ಎರಡರ ನಡುವೆ ಪುಸ್ತಕ ಬಿದ್ದುಹೋಗಿದೆ. 1968ರಲ್ಲೇ ಗ್ರಂಥಾಲಯ ಕಟ್ಟಿಕೊಂಡ ಸಿಕ್ಸ್ ನೇಷನ್ಸ್‌ನಂಥವರು ಕೆಲವರು, ಇಲ್ಲದವರು ಬಹಳ. ಜೇಮ್ಸ್ ಬಾರ್ಟಲ್‌ಮನ್ ಇದನ್ನು ಬಲ್ಲವರಾಗಿದ್ದರು. ಅವರ ತಾಯಿ, ರಾಮ ಎಂಬ ಊರಿನ ಚಿಪ್ಪೆವ ಜನಾಂಗದವರು. ಬಾಲ್ಯದಲ್ಲಿ ಮನೆಯವರೊಂದಿಗೆ ಊರಿನ ಕಸದ ಗುಂಡಿಯ ಬಳಿ ಡೇರೆಯಲ್ಲಿದ್ದು, ಜನ ಎಸೆದ ಚಿತ್ರಕಥೆಗಳನ್ನು ಹೆಕ್ಕಿ ಓದು ಕಲಿತ ಹುಡುಗ ಮುಂದೆ ರಾಯಭಾರಿಯಾದರು, 2002ರಲ್ಲಿ ಒಂಟಾರಿಯೊದ ಲೆಫ್ಟಿನೆಂಟ್ ಗವರ್ನರ್ ಆದರು. 2004ರಲ್ಲಿ ಅವರು ಜನರನ್ನು ಪುಸ್ತಕ ಕೇಳಿದರು. ಹನ್ನೆರಡು ಲಕ್ಷ ಪುಸ್ತಕಗಳು ಬಂದವು, ಉತ್ತರದ ಮೂಲನಿವಾಸಿ ಊರುಗಳ ಶಾಲೆಗಳಿಗೆ ಹೋದವು.

ನನ್ನ ಕಸುಬಿನ ಕಿರಿಯರಿಗೆ, ಇಲ್ಲಿಯವರಿಗೂ ಕರ್ನಾಟಕದಲ್ಲಿರುವವರಿಗೂ, ಹೇಳಬೇಕೆನಿಸುವುದು ಇಷ್ಟು. ವರ್ಷಕ್ಕೊಂದು ತಿಂಗಳು ವಾದ್ಯ ಮೊಳಗಿಸುವುದು ಒಳ್ಳೆಯದು. ಹಿಂದೆ ಜೈಲಿಗೆ ಹಾಕಿದ ದೇಶದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಜೂನ್ ಮುಗಿದು ಕುರ್ಚಿಗಳನ್ನು ಎತ್ತಿಟ್ಟ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಜನ ತಾವೇ ಬರೆದ ಪುಸ್ತಕ ನಮ್ಮಲ್ಲಿ ಎಷ್ಟಿದೆ? ಅದಕ್ಕೆ ಯಾವ ಜಾಗ ಕೊಡಬೇಕೆಂದು ನಿರ್ಧರಿಸುವಾಗ ಅವರನ್ನು ಕೇಳಿದೆವೇ? ಕೌಂಟರಿನ ಈಚೆ ಬದಿಯಲ್ಲಿ, ಕೆಲಸದ ಕುರ್ಚಿಯಲ್ಲಿ, ಅವರಲ್ಲೊಬ್ಬರು ಇದ್ದಾರೆಯೇ? ಬ್ರಯನ್ ಡಿಯರ್ ಆ ಕುರ್ಚಿಯಲ್ಲಿ ಕೂತಿದ್ದರಿಂದಲೇ ಕಪಾಟು ಬದಲಾಯಿತು. ಸೋಲಿಗರ ಹುಡುಗಿಯೊಬ್ಬಳು ಚಾಮರಾಜನಗರದ ಕಡೆ ಯಾವುದಾದರೂ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾಗಿ ಕೂತು ತನ್ನವರ ಪುಸ್ತಕಕ್ಕೆ ತಾನೇ ನಂಬರು ಬರೆಯಲಿ. ಅವಳನ್ನು ಓದಿಸಿ ಆ ಕುರ್ಚಿಯವರೆಗೆ ಕರೆತರುವುದು ನಮ್ಮ ಕೆಲಸ.